ವೆಂಕಟಪ್ಪನವರಿಗೊಂದು ಶಾಲು

ಕೋವಿಡ್‌ಗೆ ಮುಂಚಿನ ಮಾತು. ಇಂದಿರಾನಗರ ಕಡೆಯ ನಮ್ಮ ಬಡಾವಣೆಯ ಸಂಘದವರು ವರ್ಷಕ್ಕೊಂದು ‘ಸಾಂಸ್ಕೃತಿಕ ಪ್ರವಾಸ’ ಹೊರಡಿಸುತ್ತಾರೆ. ಹಿಂದಿನ ವರ್ಷ ಮುತ್ತತ್ತಿಗೆ ಹೋಗಿದ್ದೆವು. ಬರುವಾಗ ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡಿದ್ದರಿಂದ ಅದು ಸಾಂಸ್ಕೃತಿಕವಾಯಿತು. ಈ ಸಲ ಬಸವನಗುಡಿಯಲ್ಲಿ ಚಿತ್ರಕಲಾವಿದ ಕೆ. ವೆಂಕಟಪ್ಪನವರ ಬದುಕಿನ ಸಾಕ್ಷ್ಯಚಿತ್ರ. ತಲೆಗೆ 150 ರೂಪಾಯಿ. ಯಾರೂ ಹೆಸರು ಕೊಡಲಿಲ್ಲ. ‘ಊಟ ಸೇರಿ’ ಎಂದು ಗ್ರೂಪಿನಲ್ಲಿ ಹಾಕಿದ ಮೇಲೆ ಎರಡು ಬಸ್ಸು ಬೇಕಾಯಿತು.

‘ಯಾವ ವೆಂಕಟಪ್ಪ, ನಮ್ಮ ಮಾಜಿ ಕಾರ್ಪೊರೇಟರಾ?’ ಎಂದರು ಖಜಾಂಚಿ. ಅಲ್ಲ ಸಾರ್, ಇವರು 1965ರಲ್ಲೇ ತೀರಿಕೊಂಡರು ಎಂದೆ. ಅವರ ಮುಖ ಬಾಡಿತು. ‘ಹಾಗಾದರೆ ಶಾಲು ತಂದಿದೀನಲ್ರೀ, ಹೊದಿಸೋದು ಯಾರಿಗೆ?’

ಹತ್ತಕ್ಕೆ ಎಂದಿದ್ದ ಕಾರ್ಯಕ್ರಮ ಹನ್ನೊಂದಕ್ಕೆ ಶುರುವಾಯಿತು. ದೀಪ ಹತ್ತಿಸಲು ಫ್ಯಾನು ಬಿಡಲಿಲ್ಲ, ಫ್ಯಾನು ಆರಿಸಲು ಸ್ವಿಚ್ಚು ಯಾವುದೆಂದು ಗೊತ್ತಾಗಲಿಲ್ಲ. ಸ್ವಾಗತ, ಪ್ರಾಸ್ತಾವಿಕ ಆದಮೇಲೆ ಮುಖ್ಯ ಅತಿಥಿಗಳು ಎದ್ದು, ವೆಂಕಟಪ್ಪನವರನ್ನು ರವಿವರ್ಮನ ಶಿಷ್ಯರನ್ನಾಗಿ ಮಾಡಿದರು. ಕಲ್ಕತ್ತೆಯಲ್ಲಿ ಅವರಿಗೆ ಕಲಿಸಿದ ಅವನೀಂದ್ರನಾಥ ಟ್ಯಾಗೋರರು ರವಿವರ್ಮನ ದಾರಿ ಬೇಡವೆಂದೇ ಹೊಸ ಶೈಲಿ ಕಟ್ಟಿದವರು. ಹೋಗಲಿ ಬಿಡಿ, ಕಲ್ಕತ್ತೆ ದೂರ. ಶಾಲು ಅತಿಥಿಗಳ ಹೆಗಲಿಗೇ ಬಿತ್ತು.

ಸಿನಿಮಾ ಶುರುವಾದಾಗ ಹನ್ನೆರಡೂವರೆ. ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ಕಲಿಯಲು ಕೂತ ಭಾಗ ಬಂತು. ಪಕ್ಕದ ಆಂಟಿ ‘ಇವರು ಪೇಂಟರ್ರೋ ವೈಣಿಕರೋ, ಒಂದು ಕಡೆ ನಿಲ್ಲಬಾರದಾ?’ ಎಂದರು. ಮದುವೆಯಾಗಲಿಲ್ಲ ಎಂದಾಗ ಮಾತ್ರ ಇಡೀ ಸಭಾಂಗಣ ಒಂದೇ ದನಿಯಲ್ಲಿ ‘ಅಯ್ಯೋ ಪಾಪ’ ಎಂದಿತು. ಅದೇ ಹೊತ್ತಿಗೆ ಅಡುಗೆಯವರು ಬಾಗಿಲಲ್ಲಿ ನಿಂತು ಕಾರ್ಯದರ್ಶಿಗಳಿಗೆ ಸನ್ನೆ ಮಾಡಿದರು. ಬಿಸಿಬೇಳೆಬಾತ್ ಆರುತ್ತಿತ್ತು. ಸಿನಿಮಾ ನಿಂತಿತು. ‘ಉಳಿದಿದ್ದನ್ನ ಯೂಟ್ಯೂಬಲ್ಲಿ ಹಾಕ್ತಾರಂತೆ’ ಎಂದು ಕಾರ್ಯದರ್ಶಿಗಳು ಸಮಾಧಾನ ಹೇಳುವಷ್ಟರಲ್ಲಿ ಕುರ್ಚಿಗಳೆಲ್ಲ ಖಾಲಿ. ವಂದನಾರ್ಪಣೆಯನ್ನು ನಾನೂ ಮೈಕಿನವನೂ ಕೇಳಿದೆವು.

ವಾಪಸು ಬರುವಾಗ ಕಸ್ತೂರಬಾ ರಸ್ತೆಯಲ್ಲಿ ಬಸ್ಸು ಇಪ್ಪತ್ತು ನಿಮಿಷ ಅಲುಗಾಡಲಿಲ್ಲ. ಕಿಟಕಿಯಾಚೆ, ಕಬ್ಬನ್ ಪಾರ್ಕಿನ ಅಂಚಿಗೆ, ವೆಂಕಟಪ್ಪ ಆರ್ಟ್ ಗ್ಯಾಲರಿ. ಊಟಿ, ಕೊಡೈಕೆನಾಲಿನ ಮಂಜನ್ನು ಅವರು ಜಲವರ್ಣದಲ್ಲಿ ಹಿಡಿದಿಟ್ಟ ಚಿತ್ರಗಳು ಅಲ್ಲಿವೆ, ಇಳಿದು ನೋಡೋಣವೇ ಎಂದೆ.

‘ಅಲ್ಲಾ ಸಾರ್, ಈಗ ತಾನೇ ನೋಡ್ಕೊಂಡು ಬಂದ್ವಲ್ಲ!’

‘ಊಟಿಗೇ ಹೋಗಿದೀವಿ ನಾವು’ ಎಂದರು ಆಂಟಿ.

ಒಬ್ಬರು ಇಳಿದರು. ಎದುರು ಬದಿಯಲ್ಲಿ ಸೌತೆಕಾಯಿ ಮಾರುವವನಿದ್ದ.

ಸಿಗ್ನಲ್ ಬಿಟ್ಟಿತು. ಕಾರ್ಯದರ್ಶಿಗಳು ಎದ್ದು ನಿಂತು ಮುಂದಿನ ವರ್ಷದ ಕಾರ್ಯಕ್ರಮ ಘೋಷಿಸಿದರು: ಚಿತ್ರಕಲಾವಿದ ಕೆ. ಕೆ. ಹೆಬ್ಬಾರ್. ‘ಉಡುಪಿ ಹತ್ತಿರದ ಕಟ್ಟಿಂಗೇರಿಯವರಂತೆ, ಅಡುಗೆಗೆ ಆ ಕಡೆಯವರನ್ನೇ ಕರೆಸೋಣ.’

ಚಪ್ಪಾಳೆ ಬಿತ್ತು.