ಆಯಿಯ ವೋಟು ನನ್ನ ಫೋನಿಗೆ ಬರುವುದು ಬೇಡ

ನಿನ್ನೆ ಶಿರಸಿಯಲ್ಲೊಂದು ಮದುವೆ ಊಟ. ಬೆಂಗಳೂರಿಂದ ಬಂದವನೊಬ್ಬ, "ಮೊಬೈಲಲ್ಲೇ ವೋಟು ಅಂತಾದ್ರೆ ಯಾರ್ಯಾರು ತಯಾರು?" ಅಂತ ಕೇಳಿದ. ತಂಬುಳಿ ಕುಡಿಯುತ್ತಿದ್ದವರೂ ಕೈ ಎತ್ತಿದರು! ಇವರಲ್ಲಿ ಸುಮಾರು ಜನ ಒಂದು ಫೋನ್ ಮಾಡಲು ಮನೆ ಹಿಂದಿನ ಗುಡ್ಡ ಹತ್ತುವವರು. ಅದಿರಲಿ, ಟವರ್ ಇವತ್ತಲ್ಲ ನಾಳೆ ಬಂದೀತು. ನನಗೆ ಸಿಟ್ಟು ಬಂದಿದ್ದು ಅದಕ್ಕಲ್ಲ. ಹೆಂಗಸರ ಪಂಕ್ತಿಯನ್ನು ಯಾರೂ ಕೇಳಲೇ ಇಲ್ಲ.

ನಮ್ಮ ಮನೆಗಳಲ್ಲಿ ಒಟಿಪಿ ಯಾರಿಗೆ ಬರುತ್ತದೆ ಹೇಳಿ? ಆಯಿಯ, ಅಂದರೆ ನನ್ನ ಅಮ್ಮನ, ಬ್ಯಾಂಕು, ಗ್ಯಾಸು, ಆಧಾರ್ ಎಲ್ಲದಕ್ಕೂ ನನ್ನದೇ ನಂಬರ್. ನಾಳೆ ವೋಟಿನದ್ದೂ ನನಗೇ. ನಾನೇನು ಸಾಧುವಲ್ಲ. "ಯಾವುದಕ್ಕೆ ಒತ್ತಲಿ?" ಅಂತ ಕೇಳುತ್ತೇನೆ, ಅವಳು ಹೇಳಿದ್ದು ಹಿಡಿಸದಿದ್ದರೆ ಮುಖ ಗಂಟು ಹಾಕುತ್ತೇನೆ. ಅವಸರವಿದ್ದರೆ ಕೇಳುವುದೂ ಇಲ್ಲ. ಬೂತಿನಲ್ಲಾದರೆ ಆ ರಟ್ಟಿನ ಮರೆಯಲ್ಲಿ ಅವಳೊಬ್ಬಳೇ. ಗಂಡ, ಮಗ, ಊರಿನ ದೊಡ್ಡವರು ಯಾರೂ ಇಣುಕುವಂತಿಲ್ಲ. ಇಷ್ಟು ವರ್ಷವಾದರೂ ಅವಳು ಯಾರಿಗೆ ಹಾಕುತ್ತಾಳೆಂದು ನನಗೆ ಗೊತ್ತಿಲ್ಲ. ಕೇಳಿದರೆ "ನಿಂಗೆಂತಕ್ಕೆ?" ಅಂತಾಳೆ.

"ಎಸ್ಟೋನಿಯಾದಲ್ಲಿ ಇಲ್ವಾ?" ಅಂದ ಅದೇ ಹುಡುಗ. ಇದೆ ಮಾರಾಯ, ಯುರೋಪಿನ ಆ ಪುಟ್ಟ ದೇಶದಲ್ಲಿ ಆನ್‌ಲೈನ್ ವೋಟು 2005ರಿಂದ ಇದೆ. 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ವೋಟು ಆನ್‌ಲೈನಲ್ಲೇ ಬಿತ್ತು. ಯಾರಾದರೂ ಒತ್ತಾಯ ಮಾಡಿ ಹಾಕಿಸಿದರೆ ಆಮೇಲೆ ಮತ್ತೆ ಹಾಕಬಹುದು, ಕೊನೆಯದ್ದೇ ಲೆಕ್ಕ. ಒಳ್ಳೆಯ ಉಪಾಯವೇ. ಆದರೆ ನಮ್ಮಲ್ಲಿ ಸೊಸೆ ರಾತ್ರಿ ಎದ್ದು ಮಾವನ ಫೋನ್ ಹುಡುಕಬೇಕಾ? ನಾರ್ವೆಯವರು 2011 ಮತ್ತು 2013ರಲ್ಲಿ ಪ್ರಯೋಗ ಮಾಡಿ ಆಮೇಲೆ ಕೈಬಿಟ್ಟರು. ಗುಟ್ಟು ಉಳಿಯುತ್ತದೋ ಇಲ್ಲವೋ ಎಂಬ ಭಯವೂ ಅದಕ್ಕೊಂದು ಕಾರಣ. ನಮ್ಮ ಬಿಹಾರದಲ್ಲೂ 2025ರ ನಗರ ಸಂಸ್ಥೆಗಳ ಚುನಾವಣೆಯಲ್ಲಿ ಮೊಬೈಲ್ ವೋಟು ಶುರುವಾಗಿದೆ. ಹಾಗಾಗಿ ಇದು ಸುಮ್ನೆ ಊಟದ ಹೊತ್ತಿನ ಮಾತಲ್ಲ.

ಬೆಂಗಳೂರಲ್ಲಿದ್ದು ವೋಟಿಗೆಂದು ಊರಿಗೆ ಬರಬೇಕಾದವರ ಕಷ್ಟ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಬೂತೇ ಅಲ್ಲಿಗೆ ಹೋಗಲಿ. 2023ರ ಜನವರಿಯಲ್ಲಿ ಚುನಾವಣಾ ಆಯೋಗ ಒಂದೇ ಬೂತಿನಿಂದ 72 ಕ್ಷೇತ್ರಗಳಿಗೆ ಮತ ಹಾಕಬಹುದಾದ ಯಂತ್ರವನ್ನು ಪಕ್ಷಗಳಿಗೆ ತೋರಿಸಲು ಹೊರಟಿತ್ತು. ವಿರೋಧ ಬಂತು, ಅಲ್ಲಿಗೇ ನಿಂತಿತು. 2024ರಲ್ಲಿ 85 ದಾಟಿದವರ ಮನೆಗೇ ಸಿಬ್ಬಂದಿ ಬಂದಿದ್ದರಲ್ಲ, ಅವರೂ ಮರೆ ಕಟ್ಟಿಯೇ ಮತ ಹಾಕಿಸಿದ್ದು.

ಅದೆಲ್ಲ ಆಗುವವರೆಗೆ, ಮತದಾನದ ಹಿಂದಿನ ರಾತ್ರಿ ಬೆಂಗಳೂರಿಂದ ಶಿರಸಿಗೆ, ಕಾರವಾರಕ್ಕೆ ಬಸ್ಸು ಜಾಸ್ತಿ ಬಿಡಿ ಅಂತ ಅರ್ಜಿ ಬರೆಯಿರಿ. ಖಾಸಗಿ ಬಸ್ಸಿನವರ ಅವತ್ತಿನ ದರಕ್ಕೂ ಮೂಗುದಾರ ಹಾಕಿ ಅನ್ನಿ. ಸಹಿ ನಾನೂ ಹಾಕುತ್ತೇನೆ, ಆಯಿಯದ್ದನ್ನು ಅವಳನ್ನೇ ಕೇಳಿ.