ವಿಯರ್ಡು ಅಂದ್ರೆ ಒಂಥರಾ

ಮೈಸೂರಿನ ನಮ್ಮ ದೊಡ್ಡಪ್ಪನ ಮನೆಯ ಗಡಿಯಾರ 17 ನಿಮಿಷ ಮುಂದಿದೆ. 15 ಅಲ್ಲ, 20 ಅಲ್ಲ, 17. ಬ್ಯಾಟರಿ ಬದಲಿಸಿದಾಗಲೆಲ್ಲ ದೊಡ್ಡಪ್ಪ ಸ್ಟೂಲು ಹತ್ತಿ, ಮೊಬೈಲಿನ ಟೈಮು ನೋಡಿ, ಬಾಯಲ್ಲೇ ಕೂಡಿಸಿ, ಮುಳ್ಳನ್ನು ಅಷ್ಟೇ ಮುಂದಕ್ಕೆ ತಳ್ಳುತ್ತಾರೆ. ಯಾಕೆ 17 ಅಂತ ಒಮ್ಮೆ ಕೇಳಿದ್ದೆ. "15 ಇಟ್ರೆ ಸುಲಭವಾಗಿ ಕಳೆದುಬಿಡ್ತೀರ. 17 ಕಳೆಯೋಕೆ ತಲೆ ಓಡಿಸಬೇಕು. ಅಷ್ಟೊತ್ತಿಗೆ ನಿದ್ದೆ ಬಿಟ್ಟಿರುತ್ತೆ" ಅಂದರು. ಮೊದಲ ವರ್ಷ ಇದು ಕೆಲಸ ಮಾಡಿರಬಹುದು. ಈಗ ಮೂವತ್ತು ವರ್ಷವಾಯಿತು. ದೊಡ್ಡಮ್ಮ, ಕೆಲಸದವಳು, ಕೊನೆಗೆ ಬಾಗಿಲಲ್ಲಿ ನಿಂತು ಇಣುಕುವ ಹೂವಿನವಳೂ ಸಹ 17 ಕಳೆಯುವುದರಲ್ಲಿ ಪಳಗಿಬಿಟ್ಟಿದ್ದಾರೆ.

ಕಳೆದ ಡಿಸೆಂಬರ್ ರಜೆಗೆ ದೊಡ್ಡಪ್ಪನ ಮೊಮ್ಮಗಳು ಅಮೆರಿಕದ ಆಸ್ಟಿನ್‌ನಿಂದ ಬಂದಿದ್ದಳು. ವಯಸ್ಸು 14. ಮೊದಲ ದಿನ ಗಡಿಯಾರ ನೋಡಿದಳು, ಮೊಬೈಲು ನೋಡಿದಳು, ತಾತನ ಮುಖ ನೋಡಿದಳು. ಕಾರಣ ಕೇಳಿದ ಮೇಲೆ ಒಂದೇ ಮಾತು: "ದಟ್ಸ್ ಸೋ ವಿಯರ್ಡ್, ತಾತಾ."

"ಏನಂತೆ ಅದು?" ಅಂತ ದೊಡ್ಡಮ್ಮ ನನ್ನ ಕಡೆ ತಿರುಗಿದರು. ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಮನೆಯಲ್ಲಿ ಯಾವಾಗಲೂ ನನ್ನ ತಲೆಗೇ.

"ವಿಚಿತ್ರ ಅಂತ, ದೊಡ್ಡಮ್ಮ."

"ಅಯ್ಯೋ, ವಿಚಿತ್ರ ಅಂದ್ರೆ ಎರಡು ತಲೆ ಕರು ಹುಟ್ಟೋದು. ಗಡಿಯಾರ ಏನು ವಿಚಿತ್ರ?"

"ಹಾಗಾದ್ರೆ... ತಿಕ್ಕಲು?"

ದೊಡ್ಡಪ್ಪ ಪೇಪರಿನ ಮೇಲಿಂದ ಕಣ್ಣೆತ್ತಿ ನೋಡಿದರು. ನಾನು ಕೂಡಲೇ ತಿದ್ದಿಕೊಂಡೆ. "ಒಂಥರಾ. ಒಂಥರಾ ಅಂತ ಅರ್ಥ."

"ಹಾಗನ್ನು," ಅಂದರು ದೊಡ್ಡಮ್ಮ. "ಅದು ನಂಗೆ ಮದ್ವೆ ಆದ ಮೂರನೇ ದಿನಾನೇ ಗೊತ್ತಾಗಿತ್ತು."

ಅವತ್ತಿನಿಂದ ಈ ಎರಡು ಪದಗಳು ನನ್ನ ತಲೆಯಲ್ಲಿ ಜೊತೆಯಾಗಿ ಓಡಾಡುತ್ತಿವೆ. ವಿಯರ್ಡು ಈಗ ಕನ್ನಡದ್ದೇ ಪದ ಅನ್ನುವಷ್ಟು ಆಗಿಹೋಗಿದೆ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಕಾಲೇಜಿನ ಕ್ಯಾಂಟೀನಿನಲ್ಲಿ "ಅವ್ನು ತುಂಬಾ ವಿಯರ್ಡು ಕಣೇ" ಅನ್ನುವುದು ಕಿವಿಗೆ ಬೀಳುತ್ತಲೇ ಇರುತ್ತದೆ. ಮೆಸೇಜಿಗೆ ಉತ್ತರ ಬರೆಯದವನೂ ವಿಯರ್ಡು, ಕೂಡಲೇ ಬರೆದವನೂ ವಿಯರ್ಡು. ಅನಾನಸ್ ಹಾಕಿದ ಪಿಜ್ಜಾ ವಿಯರ್ಡು. ಬೆಳಗಾಗೆದ್ದು ಕನ್ನಡಿ ನೋಡಿಕೊಂಡರೆ ಸ್ವಂತ ಮುಖವೇ ವಿಯರ್ಡು.

ಆದರೆ ಈ ಪದ ಹುಟ್ಟಿದ್ದು ಇಷ್ಟು ಹಗುರವಾಗಿ ಅಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ 'ವಿರ್ಡ್' ಅಂದರೆ ವಿಧಿ. ನಮ್ಮ ಹಣೆಬರಹ ಅನ್ನಿ. ಇಂಗ್ಲೆಂಡಿನವರು ಕಾಲಕ್ರಮೇಣ ಅದನ್ನು ಮರೆತರು, ಪಕ್ಕದ ಸ್ಕಾಟ್ಲೆಂಡಿನವರು ಜೋಪಾನ ಮಾಡಿದರು. ಅಲ್ಲಿನ ಹಳೇ ಮಾತು ಒಂದಿದೆ, 'ಡ್ರೀ ಯುವರ್ ವಿಯರ್ಡ್'. ಬಂದದ್ದನ್ನು ಅನುಭವಿಸು ಅಂತ. ನಮ್ಮ ಅಜ್ಜಿಯರು ಹಣೆ ಚಚ್ಚಿಕೊಂಡು "ಪಡಕೊಂಡು ಬಂದಿದ್ದು" ಅನ್ನುತ್ತಿದ್ದರಲ್ಲ, ಅದೇ.

ವಿಧಿ ಅನ್ನುವ ಅರ್ಥದಿಂದ ತಿಕ್ಕಲು ಅನ್ನುವ ಅರ್ಥಕ್ಕೆ ಪದ ಜಾರಿದ್ದು ಹೇಗೆ? ಅದಕ್ಕೆ ಶೇಕ್ಸ್‌ಪಿಯರ್ ಕಾರಣ. ಸ್ಕಾಟ್ಲೆಂಡಿನ ಮ್ಯಾಕ್‌ಬೆತ್ ರಾಜನ ಕಥೆಯನ್ನು ಅವನು ಎತ್ತಿಕೊಂಡದ್ದು ಹಾಲಿನ್‌ಶೆಡ್ ಎಂಬಾತನ ಇತಿಹಾಸದ ಪುಸ್ತಕದಿಂದ. ಅದರಲ್ಲಿ ರಾಜನಿಗೆ ಭವಿಷ್ಯ ಹೇಳುವ ಮೂವರು ಹೆಂಗಸರು ಬರುತ್ತಾರೆ. ಅವರು 'ವಿಯರ್ಡ್ ಸಿಸ್ಟರ್ಸ್', ಅಂದರೆ ವಿಧಿಯ ಸೋದರಿಯರು. ಶೇಕ್ಸ್‌ಪಿಯರ್ ಅವರನ್ನು ರಂಗದ ಮೇಲೆ ತಂದಾಗ ಗಡ್ಡ ಹಚ್ಚಿ, ಕೈಗೆ ಕೊಪ್ಪರಿಗೆ ಕೊಟ್ಟು, ಅದರಲ್ಲಿ ಕಪ್ಪೆ ಹಲ್ಲಿ ಬೇಯಿಸಿದ. ನೋಡಿದ ಜನಕ್ಕೆ ವಿಧಿ ಎಲ್ಲಿ ನೆನಪಿರುತ್ತದೆ? ಗಡ್ಡವೇ ನೆನಪಿನಲ್ಲಿ ಉಳಿಯಿತು. ವಿಯರ್ಡ್ ಅಂದರೆ ಹೀಗೆ ಇರುವುದು ಅಂದುಕೊಂಡರು. ಮುಂದೆ 19ನೇ ಶತಮಾನದ ಆರಂಭದಲ್ಲಿ ಶೆಲ್ಲಿ, ಕೀಟ್ಸ್ ತರಹದ ಕವಿಗಳು ಭಯ ಹುಟ್ಟಿಸುವ, ಈ ಲೋಕದ್ದಲ್ಲ ಅನ್ನಿಸುವ ಸಂಗತಿಗಳಿಗೆ ಇದೇ ಪದ ಹಚ್ಚಿದರು. ಆಮೇಲೆ ಜಾರಿಕೊಂಡು ಜಾರಿಕೊಂಡು ನಮ್ಮ ದೊಡ್ಡಪ್ಪನ ಗಡಿಯಾರದವರೆಗೆ ಬಂತು.

ಹಣೆಬರಹ ನೋಡಿಕೊಳ್ಳುವ ಕೆಲಸ ಎಲ್ಲ ಕಡೆ ಹೆಂಗಸರದ್ದೇ ಯಾಕೋ ಗೊತ್ತಿಲ್ಲ. ಉತ್ತರ ಕರ್ನಾಟಕದಲ್ಲಿ ಮಗು ಹುಟ್ಟಿದ ಕೆಲವು ದಿನಕ್ಕೆ ರಾತ್ರಿ ಸಟವಿ ದೇವಿ ಬಂದು ಹಣೆಯ ಮೇಲೆ ಬರೆದು ಹೋಗುತ್ತಾಳೆ ಅನ್ನುತ್ತಾರೆ. ನಮ್ಮಲ್ಲಿ ಅವಳೊಬ್ಬಳೇ ನಿಭಾಯಿಸುವ ಕೆಲಸಕ್ಕೆ ಯುರೋಪಿನ ಉತ್ತರದಲ್ಲಿ ಮೂವರು ಬೇಕಾದರು. ನಾರ್ವೆ, ಐಸ್‌ಲ್ಯಾಂಡ್ ಕಡೆಯ ಹಳೇ ಕಥೆಗಳಲ್ಲಿ ಅವರ ಹೆಸರು ಉರ್ದ್, ವೆರ್ದಂಡಿ, ಸ್ಕುಲ್ಡ್. ಈ ಉರ್ದ್ ನಮ್ಮ ವಿಯರ್ಡಿನ ಸ್ವಂತ ಅಕ್ಕ, ಎರಡೂ ಒಂದೇ ಪದ. ನನಗೆ ಜಾಸ್ತಿ ಖುಷಿ ಕೊಟ್ಟದ್ದು ನಡುವಿನವಳು. ವೆರ್ದಂಡಿ ಅಂದರೆ 'ಆಗುತ್ತಿರುವುದು'. ಈ ಪದಗಳೆಲ್ಲದರ ಬೇರು 'ತಿರುಗು' ಅನ್ನುವ ಅರ್ಥದ ಒಂದು ಹಳೇ ಧಾತು. ಅದೇ ಬೇರು ಸಂಸ್ಕೃತದಲ್ಲಿ ಚಿಗುರಿ ವರ್ತನೆ ಆಯಿತು, ವೃತ್ತ ಆಯಿತು, ವರ್ತಮಾನ ಆಯಿತು. ವೆರ್ದಂಡಿ, ವರ್ತಮಾನ. ಎರಡನ್ನೂ ಒಂದರ ಹಿಂದೆ ಒಂದು ಗಟ್ಟಿಯಾಗಿ ಹೇಳಿ ನೋಡಿ, ದೂರದ ನೆಂಟಸ್ತನ ಕಿವಿಗೇ ಗೊತ್ತಾಗುತ್ತದೆ. ಅಂದರೆ "ಅವನ ವರ್ತನೆ ವಿಯರ್ಡು" ಅಂದಾಗ ನಾವು ಒಂದೇ ಮನೆತನದ ಎರಡು ಪದ ಆಡಿರುತ್ತೇವೆ. ದಾಯಾದಿಗಳು ಮದುವೆ ಮನೆಯಲ್ಲಿ ಪಕ್ಕಪಕ್ಕ ಊಟಕ್ಕೆ ಕೂತು ಒಬ್ಬರನ್ನೊಬ್ಬರು ಗುರುತಿಸದೆ ಹೋದ ಹಾಗೆ.

ಇದನ್ನು ದೊಡ್ಡಪ್ಪನಿಗೆ ಹೇಳಿದೆ. "ನೋಡು, ನಮ್ಮನೇಲಿ ವರ್ತಮಾನ 17 ನಿಮಿಷ ಮುಂದಿದೆ" ಅಂದು ನಕ್ಕರು.

ಇನ್ನು ನಮ್ಮ ಒಂಥರಾ. ಒಂದು ತರಹ ಅನ್ನುವುದರ ಗಡಿಬಿಡಿ ರೂಪ. ತರಹ ಅರಬ್ಬಿ, ಪಾರ್ಸಿ ಕಡೆಯಿಂದ ಬಂದದ್ದು. ಹುಬ್ಬಳ್ಳಿ-ಧಾರವಾಡದಲ್ಲಿ ಇದೇ 'ಒಂದ್ ನಮೂನಿ'. ಮಂಗಳೂರು ಕಡೆ 'ಒಂದು ನಮೂನೆ'. ತಮಿಳರು 'ಒರು ಮಾದಿರಿ' ಅನ್ನುತ್ತಾರೆ, ಮಲಯಾಳಿಗಳೂ ಹೆಚ್ಚುಕಡಿಮೆ ಅದನ್ನೇ. ತೆಲುಗಿನಲ್ಲಿ 'ಅದೋ ರಕಂ'. ದಕ್ಷಿಣದವರೆಲ್ಲ ಒಟ್ಟಿಗೆ ಕೂತು ಮಾತಾಡಿಕೊಂಡ ಹಾಗಿದೆ ಅಲ್ವಾ? ತಿಕ್ಕಲನನ್ನು ಕಂಡರೆ ಅವನಿಗೆ ಹೆಸರಿಡಬೇಡಿ, ಅವನೂ ಒಂದು ತರಹ ಅಂತ ಎಣಿಸಿಕೊಳ್ಳಿ ಅಂತ. ಸರ್ಕಾರಿ ಕಚೇರಿಯಲ್ಲಿ ನಮೂನೆ ಅಂದರೆ ಫಾರಂ. ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಧಾರವಾಡದವರು "ಅಂವಾ ಒಂದ್ ನಮೂನಿ" ಅಂದಾಗ ನನಗೆ ನಂಬರು ಅಚ್ಚಾಗದ ಒಂದು ಫಾರಂ ಕಣ್ಣಿಗೆ ಬರುತ್ತದೆ. ಒಂದೇ ಪ್ರತಿ, ಜೆರಾಕ್ಸ್ ಸಿಗುವುದಿಲ್ಲ.

ಒಂಥರಾ ಮನುಷ್ಯರಿಗೆ ಮಾತ್ರ ಅಲ್ಲ. ಡಾಕ್ಟರ ಹತ್ತಿರ ಹೋಗಿ ಕೂತವರ ಮಾತು ಕೇಳಿ.

"ಏನಾಗ್ತಿದೆ?"

"ಒಂಥರಾ ಆಗ್ತಿದೆ ಸಾರ್."

"ಎಲ್ಲಿ?"

"ಇಲ್ಲೇ, ಹೀಗೆ... ಒಂಥರಾ."

ಕೈ ಹೊಟ್ಟೆಯಿಂದ ಹೊರಟು ಎದೆ ಸವರಿ ಗಂಟಲಿನ ತನಕ ಹೋಗಿ ಇಳಿಯುತ್ತದೆ. ಹಳೇ ಡಾಕ್ಟರು ಇಷ್ಟಕ್ಕೇ ಅರ್ಥ ಮಾಡಿಕೊಂಡು "ನಿನ್ನೆ ಯಾರ ಮನೆ ಊಟ?" ಅಂತ ಕೇಳುತ್ತಾರೆ. ಪ್ರೀತಿಯಾದರೂ ಒಂಥರಾ ಆಗುತ್ತದೆ, ಪಿತ್ತವಾದರೂ ಒಂಥರಾ ಆಗುತ್ತದೆ. ಅಡುಗೆಮನೆಯಲ್ಲಿ ಮಾತ್ರ ಇದು ಅಪಾಯದ ಪದ. ಸಾರು ಉಪ್ಪಾಗಿದೆ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ನೀರು ಬೆರೆಸುತ್ತಾರೆ. "ಸಾರು ಯಾಕೋ ಒಂಥರಾ ಇದೆ" ಅಂದು ನೋಡಿ. ಸಂಜೆಯವರೆಗೂ ಪಾತ್ರೆಗಳ ಸದ್ದು ಜಾಸ್ತಿ ಇರುತ್ತದೆ.

ಎರಡೂ ಪದಕ್ಕೆ ಒಂದೇ ಕಳ್ಳತನ ಇದೆ ಅನ್ನುವುದು ನನ್ನ ಗುಮಾನಿ. ಏನು ಸರಿಯಿಲ್ಲ ಅಂತ ಹೇಳದೆ ತಪ್ಪಿಸಿಕೊಳ್ಳುವುದು. ಆದರೂ ಒಂಥರಾದಲ್ಲಿ ಸ್ವಲ್ಪ ಜಾಗ ಉಳಿದಿರುತ್ತದೆ. "ಒಂಥರಾ, ಆದ್ರೆ ಒಳ್ಳೇವ್ನು" ಅಂತ ಮುಂದುವರಿಸಬಹುದು. ನಮ್ಮ ಹೆಣ್ಣು-ಗಂಡು ನೋಡುವ ಮಾತುಕತೆಗಳು ಎಷ್ಟೋ ಈ 'ಆದ್ರೆ' ಮೇಲೆಯೇ ನಿಂತಿವೆ. ವಿಯರ್ಡು ಅಂದಮೇಲೆ ಹುಡುಗರು ಅಲ್ಲಿಗೇ ಬಾಗಿಲು ಹಾಕಿಬಿಡುತ್ತಾರೆ. 2024ರ ಅಮೆರಿಕದ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಟಿಮ್ ವಾಲ್ಜ್ ಎದುರು ಪಕ್ಷದವರನ್ನು ವಿಯರ್ಡು ಅಂದುಬಿಟ್ಟರು. ಕಳ್ಳ, ಸುಳ್ಳ ಅನ್ನುವ ಬೈಗುಳಕ್ಕೆ ಜಗ್ಗದವರು ಇದಕ್ಕೆ ಉರಿದುಬಿದ್ದರು. "ನಾವಲ್ಲ, ನೀವು ವಿಯರ್ಡು" ಅಂತ ತಿರುಗಿ ಅಂದರು. ನಾಲ್ಕನೇ ಕ್ಲಾಸಿನ ಜಗಳದ ಹಾಗೆ.

ಮೊಮ್ಮಗಳ ಊರಿನ ಕಥೆಯೇ ಬೇರೆ. ಅವಳು ದಿನ ಬಿಟ್ಟು ದಿನ ಹಾಕುತ್ತಿದ್ದ ಟೀ ಶರ್ಟಿನ ಮೇಲೆ 'ಕೀಪ್ ಆಸ್ಟಿನ್ ವಿಯರ್ಡ್' ಅಂತ ಬರೆದಿತ್ತು. 2000ದಲ್ಲಿ ಅಲ್ಲಿನ ಕಾಲೇಜಿನ ಲೈಬ್ರರಿಯನ್ ರೆಡ್ ವಾಸೆನಿಚ್ ಒಂದು ಸಣ್ಣ ರೇಡಿಯೋ ಕೇಂದ್ರಕ್ಕೆ ದೇಣಿಗೆ ಕೊಡಲು ಫೋನ್ ಮಾಡಿದ್ದರಂತೆ. ಯಾಕೆ ಕೊಡುತ್ತಿದ್ದೀರಿ ಅಂದಿದ್ದಕ್ಕೆ, ಊರು ಒಂಥರಾನೇ ಇರಲಿ ಅಂತ, ಅನ್ನುವ ಅರ್ಥದ ಮಾತು ಬಾಯಿಗೆ ಬಂತು. ಮಾತು ಚೆನ್ನಾಗಿದೆ ಅನ್ನಿಸಿ ಸ್ಟಿಕ್ಕರ್ ಮಾಡಿಸಿ ಹಂಚಿದರು. ಊರಿನ ಸಣ್ಣ ಅಂಗಡಿಯವರು ಹಿಡಿದುಕೊಂಡರು. ಆಮೇಲೆ ಪೋರ್ಟ್‌ಲ್ಯಾಂಡಿನವರು, ಲೂಯಿವಿಲ್ಲಿನವರು ತಮ್ಮ ಊರೂ ಹಾಗೇ ಇರಲಿ ಅಂತ ಅದನ್ನೇ ನಕಲು ಹೊಡೆದರು. ಒಂಥರಾ ಇರುವುದನ್ನೂ ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತರು ಅಂದರೆ ಅದಕ್ಕೇನನ್ನಬೇಕೋ.

ದೊಡ್ಡಮ್ಮನಿಗೆ ಟೀ ಶರ್ಟಿನ ಅರ್ಥ ಹೇಳಿದಾಗ ತುಂಬಾ ಹೊತ್ತು ಯೋಚಿಸಿದರು. "ಊರನ್ನ ಒಂಥರಾ ಇಡೋಕೆ ಬೋರ್ಡ್ ಬೇಕಾ? ಜನ ಇದ್ರೆ ತಾನಾಗೇ ಇರುತ್ತಪ್ಪ."

ಯಾರು ಯಾರನ್ನು ವಿಯರ್ಡು ಅನ್ನಬೇಕು ಅನ್ನುವುದಕ್ಕೆ 2010ರಲ್ಲಿ ಮೂವರು ಸಂಶೋಧಕರು ಒಳ್ಳೇ ತಮಾಷೆ ಮಾಡಿದರು. ಜೋಸೆಫ್ ಹೆನ್ರಿಕ್, ಸ್ಟೀವನ್ ಹೈನ್, ಅರಾ ನೊರೆನ್‌ಜಯನ್. ಮನುಷ್ಯನ ಮನಸ್ಸು ಹೀಗೆ ಹಾಗೆ ಅಂತ ಪುಸ್ತಕಗಳಲ್ಲಿ ಇರುತ್ತದಲ್ಲ, ಆ ಪ್ರಯೋಗಗಳನ್ನು ಯಾರ ಮೇಲೆ ಮಾಡಿದ್ದು? ದೊಡ್ಡ ಜರ್ನಲ್‌ಗಳಲ್ಲಿ ಬಂದ ಪ್ರಯೋಗಗಳನ್ನು ಎಣಿಸಿದರೆ ನೂರಕ್ಕೆ 96 ಜನ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳಲ್ಲಿ ಇರುವುದು ಜಗತ್ತಿನ ಶೇಕಡಾ 12ರಷ್ಟು ಜನ. ಪಾಶ್ಚಾತ್ಯ, ಓದಿದ, ಕೈಗಾರಿಕೆಯ, ಸಿರಿವಂತ, ಪ್ರಜಾಪ್ರಭುತ್ವದ ಮಂದಿ. ಈ ಐದು ಪದಗಳ ಇಂಗ್ಲಿಷಿನ ಮೊದಲಕ್ಷರ ಜೋಡಿಸಿದರೆ ವಿಯರ್ಡ್ ಅಂತಲೇ ಆಗುತ್ತದೆ. ಮಿಕ್ಕವರ ಜೊತೆ ಹೋಲಿಸಿದರೆ ಒಂಥರಾ ಇರುವುದು ಇವರೇ ಅಂತ ಬರೆದರು. ಇದನ್ನು ಕೇಳಿ ದೊಡ್ಡಪ್ಪ ಮೊಮ್ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದರು.

ಪದದ ಸ್ಪೆಲ್ಲಿಂಗೂ ಒಂಥರಾನೇ. ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟ ಪದ್ಯ ನೆನಪಿದೆಯಾ? 'ಐ ಬಿಫೋರ್ ಇ, ಎಕ್ಸೆಪ್ಟ್ ಆಫ್ಟರ್ ಸಿ'. ಸಿ ಆದಮೇಲೆ ಬಿಟ್ಟರೆ ಮಿಕ್ಕ ಕಡೆ ಐ ಮೊದಲು, ಇ ಆಮೇಲೆ. ಆ ಪದ್ಯ ನಂಬಿ ನಾನು ಎಂಟನೇ ಕ್ಲಾಸಿನಲ್ಲಿ ಈ ಪದ ಬರೆದು ಕೆಂಪು ಇಂಕು ತಿಂದಿದ್ದೆ. ಇದರಲ್ಲಿ ಇ ಮೊದಲು. ಯಾಕೆ ಸಾರ್ ಅಂದರೆ "ಕೆಲವು ಹಾಗೇ" ಅಂದಿದ್ದರು. ಆಮೇಲೆ ಗೊತ್ತಾಯಿತು, ನಾನೊಬ್ಬನೇ ಅಲ್ಲ. ಶೇಕ್ಸ್‌ಪಿಯರನ ನಾಟಕಗಳನ್ನು 1623ರಲ್ಲಿ ಒಟ್ಟಿಗೆ ಅಚ್ಚು ಹಾಕಿದವರಿಗೂ ಇದು ಬರೆಯಲು ಬಂದಿರಲಿಲ್ಲ. ಅಲ್ಲಿ ಆ ಮೂವರು ಸೋದರಿಯರು 'ವೇವರ್ಡ್', 'ವೇಯರ್ಡ್' ಅಂತೆಲ್ಲ ಇದ್ದಾರೆ. ನೂರು ವರ್ಷ ದಾಟಿದ ಮೇಲೆ, 1733ರಲ್ಲಿ, ಥಿಯೋಬಾಲ್ಡ್ ಎಂಬ ಸಂಪಾದಕ ತಿದ್ದಿದ.

ಮೊಮ್ಮಗಳು ಹೊರಡುವ ದಿನ ಬಂತು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕಾರು ಹೇಳಿದ್ದೆವು, ಬೆಳಿಗ್ಗೆ 10 ಗಂಟೆಗೆ. ಚಟ್ನಿಪುಡಿ, ಹುಳಿಪುಡಿ, ಕೋಡುಬಳೆ ಎಲ್ಲ ಎರಡೆರಡು ಕವರಿನಲ್ಲಿ ಕಟ್ಟಿ, ಸೂಟ್‌ಕೇಸು ತೂಗಿ, ತೆಗೆದು, ಮತ್ತೆ ತೂಗಿ, ಮನೆಯೆಲ್ಲ ಗದ್ದಲ. ಗಡಿಯಾರದಲ್ಲಿ 9:55. ಎಲ್ಲರೂ 17 ಕಳೆದೆವು. ಇನ್ನೂ 9:38. ದೊಡ್ಡಮ್ಮ ನೆಮ್ಮದಿಯಾಗಿ ಇನ್ನೊಂದು ಸುತ್ತು ಕಾಫಿಗೆ ಹಾಲಿಟ್ಟರು. ನಾನು ಸ್ನಾನಕ್ಕೆ ಹೋದೆ. ಅಷ್ಟರಲ್ಲಿ ಹೊರಗೆ ಹಾರ್ನು.

"ಇಷ್ಟು ಬೇಗ ಬಂದುಬಿಟ್ಯಲ್ಲಪ್ಪ" ಅಂದರು ದೊಡ್ಡಮ್ಮ.

ಡ್ರೈವರು ಮೊಬೈಲು ತಿರುಗಿಸಿ ತೋರಿಸಿದ. "10 ದಾಟಿ 5 ನಿಮಿಷ ಆಯ್ತಮ್ಮ."

ಎಲ್ಲರೂ ಗಡಿಯಾರ ನೋಡಿದೆವು. ಅದರಲ್ಲೂ 10:05. ದೊಡ್ಡಪ್ಪ ಮಾತ್ರ ಇಸ್ತ್ರಿ ಮಾಡಿದ ಶರ್ಟು ಹಾಕಿ, ಚಪ್ಪಲಿ ಮೆಟ್ಟಿ, ಜಗಲಿಯಲ್ಲಿ ರೆಡಿಯಾಗಿ ಕೂತಿದ್ದರು.

"ಪುಟ್ಟಿ ವಿಮಾನ ತಪ್ಪಬಾರ್ದು ಅಂತ ಬೆಳಿಗ್ಗೇನೇ ಸರಿ ಮಾಡಿಟ್ಟೆ" ಅಂದರು.

ಆಮೇಲಿನ ಹತ್ತು ನಿಮಿಷದ ಬಗ್ಗೆ ಬರೆಯುವುದು ಬೇಡ. ಕೋಡುಬಳೆಯ ಒಂದು ಕವರು ಮೇಜಿನ ಮೇಲೇ ಉಳಿಯಿತು. ವಿಮಾನ ತಪ್ಪಲಿಲ್ಲ. ಮಧ್ಯಾಹ್ನ ಮೂರೂವರೆಗೆ ಮನೆಯವರ ಗ್ರೂಪಿಗೆ ಅವಳ ಮೆಸೇಜು ಬಂತು. ತಾತನ ಗಡಿಯಾರದ ಫೋಟೋ, ಅದರ ಕೆಳಗೆ ಇಂಗ್ಲಿಷಿನಲ್ಲಿ 'ಮೈ ತಾತ ಈಸ್ ಸೋ ವಿಯರ್ಡ್', ಅದರ ಮುಂದೆ ಏಳು ಕೆಂಪು ಹೃದಯ. ಐ ಮೊದಲು ಬಂದಿತ್ತು, ಇ ಆಮೇಲೆ. ತಿದ್ದೋಣ ಅಂತ ಬೆರಳು ಹೋಯಿತು, ಸುಮ್ನೆ ಬಿಟ್ಟೆ. ದೊಡ್ಡಪ್ಪ ಆಗಲೇ ಸ್ಟೂಲು ಎಳೆದುಕೊಂಡು ಹತ್ತಿದ್ದರು.