ಹರಿತ ನೋಡುವ ಚಿಕ್ಕಪ್ಪ

ಮಸೆದಿಟ್ಟ ಕ್ಷೌರದ ಕತ್ತಿ ಮುಟ್ಟಬೇಡಿ ಅಂತ ಒಂದು ಬೋರ್ಡು ಬರೆದು ಹಾಕೋಣ ಅಂದುಕೊಂಡೆ. ಪ್ರಯೋಜನ ಇಲ್ಲ. ನಮ್ಮ ಚಿಕ್ಕಪ್ಪನಿಗೆ ಕನ್ನಡಕ ಇಲ್ಲದೆ ಬೋರ್ಡು ಕಾಣುವುದಿಲ್ಲ, ಕನ್ನಡಕ ಹಾಕಿಕೊಂಡರೆ ಬೋರ್ಡಿಗಿಂತ ಮೊದಲು ಕತ್ತಿ ಕಾಣುತ್ತದೆ.

ಇವತ್ತು ಬೆಳಿಗ್ಗೆ ಆಗಿದ್ದೂ ಅದೇ. ಬಿಸಿನೀರಲ್ಲಿ ಮುಖ ತೊಳೆದು, ನೊರೆ ಬಳಿದುಕೊಂಡು, ಕತ್ತಿಯನ್ನು ಕೆನ್ನೆಗೆ ಒಂದು 30 ಡಿಗ್ರಿ ಓರೆಯಲ್ಲಿ ಹಿಡಿದು ಎಳೆದೆ. ಕೂದಲು ಕತ್ತರಿಸಲಿಲ್ಲ, ಕಿತ್ತುಕೊಂಡು ಬಂತು. ಕಣ್ಣಲ್ಲಿ ನೀರು. ನಿನ್ನೆ ರಾತ್ರಿಯಷ್ಟೇ ಮಸೆದಿಟ್ಟ ಕತ್ತಿ ಸ್ವಾಮೀ ಇದು!

ಬ್ಲೇಡು ಬದಲಾಯಿಸಿದರೆ ಮುಗಿಯಿತು ಅನ್ನುವವರಿಗೆ ಈ ಹೊಟ್ಟೆಉರಿ ಅರ್ಥವಾಗುವುದಿಲ್ಲ. ಮಡಚುವ ಕ್ಷೌರದ ಕತ್ತಿ ಅಂದರೆ ಕತ್ತಿ ಮಸೆಯುವ ಮೊದಲು ಕಲ್ಲಿನ ಸೇವೆ ಮಾಡಬೇಕು. ತಿಕ್ಕಿ ತಿಕ್ಕಿ ಕಲ್ಲಿನ ನಡು ತಗ್ಗಾಗಿರುತ್ತದೆ. ಅದರ ಮೇಲೆ ಪೆನ್ಸಿಲ್ಲಿನಿಂದ ಅಡ್ಡ, ಉದ್ದ ಗೆರೆ ಎಳೆದು, ಅಷ್ಟೂ ಗೆರೆ ಅಳಿಯುವ ತನಕ ವಜ್ರದ ಪುಡಿ ಕೂರಿಸಿದ ಡೈಮಂಡ್ ಪ್ಲೇಟಿಗೆ ಉಜ್ಜಬೇಕು. ಆಮೇಲೆ 1000 ಗ್ರಿಟ್ಟಿನ ಕಲ್ಲು, 4000, 8000, ಕೊನೆಗೆ 12000; ಗ್ರಿಟ್ ಅಂದರೆ ಕಲ್ಲಿನ ನಯದ ಲೆಕ್ಕ, ಸಂಖ್ಯೆ ಏರಿದಷ್ಟೂ ಕಲ್ಲು ನಯ. ಕತ್ತಿಯ ಬೆನ್ನೂ ಬಾಯಿಯೂ (ಹರಿತದ ಅಂಚು) ಎರಡೂ ಕಲ್ಲಿಗೆ ತಾಗಿರಬೇಕು. ಬೆನ್ನಿನ ದಪ್ಪವೇ ಓರೆಯನ್ನು ಗೊತ್ತುಮಾಡಿಬಿಡುತ್ತದೆ, ನಾವು ಲೆಕ್ಕ ಹಾಕಬೇಕಿಲ್ಲ. ಇದನ್ನು ಕಂಡುಹಿಡಿದವನು ಪುಣ್ಯಾತ್ಮ. ಒತ್ತಬಾರದು ಅನ್ನುವುದೊಂದೇ ಕಷ್ಟ. ಸಿಟ್ಟು ಬಂದಾಗ ಮಸೆಯಲು ಕೂತರೆ ಕೈ ತಾನಾಗೇ ಒತ್ತುತ್ತದೆ.

ಕಲ್ಲಾದ ಮೇಲೆ ತೊಗಲಿನ ಪಟ್ಟಿಗೆ ಸವರಬೇಕು. ಕಲ್ಲಿನ ಮೇಲೆ ಬಾಯಿ ಮುಂದೆ, ಪಟ್ಟಿ ಮೇಲೆ ಬೆನ್ನು ಮುಂದೆ. ಉಲ್ಟಾ ಮಾಡಿದರೆ ಪಟ್ಟಿ ಸೀಳಿಹೋಗುತ್ತದೆ. ಕೊನೆಯಲ್ಲಿ ತಿರುಗಿಸುವಾಗಲೂ ಬೆನ್ನಿನ ಮೇಲೇ ಹೊರಳಿಸಬೇಕು. ಪಟ್ಟಿ ಜೋಲು ಬಿದ್ದರೆ ಬಾಯಿ ದುಂಡಗಾಗುತ್ತದೆ, ಅದಕ್ಕೆ ಬಿಗಿಯಾಗಿ ಹಿಡಿದು, ಮೊದಲು ಪಟ್ಟಿಯ ಕ್ಯಾನ್ವಾಸ್ ಬಟ್ಟೆಯ ಮೇಲೆ ಒಂದು 20-30 ಸಲ, ತೊಗಲಿನ ಮೇಲೆ 50-60 ಸಲ. ಇಷ್ಟೆಲ್ಲ ಮಾಡಿ, ಒರೆಸಿ, ಮಡಚಿ, ಮಲಗುತ್ತೇನೆ.

ಚಿಕ್ಕಪ್ಪ ಐದು ಗಂಟೆಗೆ ಏಳುತ್ತಾರೆ.

ಅವರದು ಹರಿತ ನೋಡುವ ಚಟ. ಮೊದಲು ಹೆಬ್ಬೆಟ್ಟು. ಆಮೇಲೆ ಮುಂಗೈ ಕೂದಲು. ಅವರ ಎಡಗೈ ಮೊಣಕೈವರೆಗೆ ಎಳೆಮಗುವಿನ ಕೈ ಥರ ನುಣ್ಣಗಿದೆ. ಇವೆರಡನ್ನಾದರೂ ಸಹಿಸಬಹುದು. ಆದರೆ ಇದ್ಯಾವುದರಿಂದಲೂ ಅವರಿಗೆ ಸಮಾಧಾನ ಇಲ್ಲ. ನ್ಯೂಸ್‌ಪೇಪರ್ ಬರುವ ತನಕ ಕಾಯುತ್ತಾರೆ. ಬಂದ ಪೇಪರನ್ನು ಪೂರ್ತಿ ಓದುತ್ತಾರೆ, ಆಮೇಲೆ ತಾವು ಓದಿ ಮುಗಿಸಿದ, ನಾನಿನ್ನೂ ನೋಡಿರದ ಒಂದು ಹಾಳೆ ಆರಿಸಿ, ಮೂಲೆ ಹಿಡಿದು ಎತ್ತಿ, ಮೇಲಿನಿಂದ ಕೆಳಕ್ಕೆ ಕತ್ತಿ ಇಳಿಸುತ್ತಾರೆ. ಸರ್ರ್. ಎರಡು ಬೆರಳಗಲದ ಪಟ್ಟಿ ಕೆಳಗೆ ಬೀಳುತ್ತದೆ. ‘ಹೂಂ’ ಅನ್ನುತ್ತಾರೆ. ಇನ್ನೊಂದು ಪಟ್ಟಿ. ಮತ್ತೆ ‘ಹೂಂ’. ಇವತ್ತು ಪದಬಂಧದ ಚೌಕ ಮೇಜಿನ ಮೇಲಿತ್ತು, ಎಡದಿಂದ ಬಲಕ್ಕೆ ಸುಳಿವುಗಳು ಕುರ್ಚಿಯ ಕೆಳಗಿದ್ದವು, ಮೇಲಿನಿಂದ ಕೆಳಕ್ಕೆ ಇರುವವು ಫ್ಯಾನಿನ ಗಾಳಿಗೆ ಎಲ್ಲಿಗೋ ಹೋಗಿದ್ದವು.

ಪೇಪರು ಸೀಳಿದರೆ ಬಾಯಿ ಕೆಡುತ್ತೆ, ಕಾಗದಕ್ಕೆ ಜೇಡಿಮಣ್ಣು, ಸುಣ್ಣದಕಲ್ಲಿನ ಪುಡಿ ಎಲ್ಲ ಸೇರಿಸಿರುತ್ತಾರೆ, ಸುಮಾರಾಗಿ ಮಸೆದ ತರಕಾರಿ ಚಾಕು ಕೂಡ ಪೇಪರ್ ಸೀಳುತ್ತೆ, ಅದೇನು ಪರೀಕ್ಷೆ ಚಿಕ್ಕಪ್ಪ ಅಂತ ಎಷ್ಟೋ ಸಲ ಹೇಳಿದ್ದೇನೆ. ಒಂದಿನ ವಿಜ್ಞಾನವನ್ನೇ ತಂದೆ. ಕೂದಲು ಬ್ಲೇಡಿನ ಉಕ್ಕಿಗಿಂತ 50 ಪಟ್ಟು ಮೆತ್ತಗೆ, ಅಂಥ ಕೂದಲೇ ಬಾಯಿಯಲ್ಲಿ ಚಕ್ಕೆ ಏಳಿಸುತ್ತೆ ಅಂತ 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿದ್ದಾರೆ, ಅಷ್ಟು ನಾಜೂಕು ಇದು ಅಂದೆ. ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡರು. ‘ಹಾಗಾದ್ರೆ ಕೆಡಿಸ್ತಿರೋನು ನೀನೇ ಕಣೋ, ದಿನಾ ಗಡ್ಡ ತೆಗೆದು’ ಅಂದರು.

ಕತ್ತಿ ಮೊದಲು ಅವರದೇ. ತೊಗಲಿನ ಪಟ್ಟಿ ಮೇಲೆ ಹೊರಳಿಸುವುದನ್ನು ಕೈಹಿಡಿದು ಕಲಿಸಿದವರೂ ಅವರೇ. ಈಗ ಬೆರಳು ನಡುಗುತ್ತವೆ, ಹಾಗಾಗಿ ಗಡ್ಡಕ್ಕೆ ಕರೆಂಟಿನ ಮಿಷನ್ನು. ಪೇಪರ್ ಸೀಳುವಾಗಲೂ ಪಟ್ಟಿ ನೆಟ್ಟಗೆ ಬರುವುದಿಲ್ಲ, ಸೊಟ್ಟಗೆ ಇಳಿಯುತ್ತದೆ. ‘ನೋಡು, ಇಲ್ಲಿ ಎಲ್ಲೋ ಹಿಡೀತಾ ಇದೆ, 12000ದ ಕಲ್ಲಲ್ಲಿ ಇನ್ನೊಂದಷ್ಟು ಎಳಿ’ ಅನ್ನುತ್ತಾರೆ. ಆಯ್ತು ಅನ್ನುತ್ತೇನೆ. ಇನ್ನೇನು ಹೇಳೋದು?

ಹಾಗಂತ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡಿ. ಕೆನ್ನೆ ಇನ್ನೂ ಉರಿಯುತ್ತಿದೆ.

ಉಪಾಯವನ್ನೂ ಮಾಡಿ ನೋಡಿದ್ದೆ. ಕಳೆದ ತಿಂಗಳು ಇನ್ನೊಂದು ಹಳೇ ಕತ್ತಿ ತಂದು, ಇದು ನಿಮಗೆ, ಎಷ್ಟು ಬೇಕಾದರೂ ಹರಿತ ನೋಡಿಕೊಳ್ಳಿ ಅಂತ ಕೊಟ್ಟೆ. ಬಿಚ್ಚಿದರು, ಹೆಬ್ಬೆಟ್ಟು ಸವರಿದರು, ವಾಪಸ್ ಕೊಟ್ಟರು. ‘ಇದರಲ್ಲಿ ನೋಡೋಕೆ ಹರಿತ ಎಲ್ಲಿದೆ? ಮಸೆದು ಕೊಡು.’ 1000ದಿಂದ ಶುರು ಮಾಡಿ ಮಸೆದುಕೊಟ್ಟೆ. ಈಗ ಪ್ರತಿ ಭಾನುವಾರ ಅದನ್ನೂ ಮಸೆಯಬೇಕು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಯಾವುದು ಜಾಸ್ತಿ ಹರಿತ ಅಂತ ಪೇಪರಿನ ಮೇಲೆ ಪಂದ್ಯ ನಡೆಸುತ್ತಾರೆ. ಇವತ್ತು ಅವರದೇ ಗೆದ್ದಿತಂತೆ.